ಸೂಪರ್‌ಹೀರೋ ಸಿನಿಮಾ ತಯಾರಾಗುವುದು ಹೇಗೆ? ತೆರೆಯ ಹಿಂದೆ ನಮ್ಮ ಬೆಂಗಳೂರೂ ಇದೆ

ಮಾರ್ವೆಲ್ ಸಿನಿಮಾ ಮುಗಿದರೂ ನಮ್ಮ ಹುಡುಗರು ಸೀಟು ಬಿಟ್ಟು ಏಳುವುದಿಲ್ಲ. ಹೆಸರುಗಳೆಲ್ಲ ಓಡಿ ಮುಗಿದ ಮೇಲೆ ಇನ್ನೊಂದು ಪುಟ್ಟ ದೃಶ್ಯ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಲ್ಲಿಯವರೆಗೆ ಮೊಬೈಲ್ ನೋಡುತ್ತಾ ಕೂರುತ್ತಾರೆ. ಮುಂದಿನ ಸಲ ಆ ಹೆಸರುಗಳನ್ನೇ ಸ್ವಲ್ಪ ಓದಿ ನೋಡಿ. 'ವಿಷುವಲ್ ಎಫೆಕ್ಟ್ಸ್' ಎಂಬ ತಲೆಬರಹದ ಕೆಳಗೆ ನೂರಾರು ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಅವುಗಳ ನಡುವೆ ಕುಮಾರ್, ಖಾನ್, ಗೌಡ, ಶೇಖ್, ರಾವ್ ಮುಂತಾದ ನಮ್ಮ ಸುತ್ತಮುತ್ತಲಿನ ಹೆಸರುಗಳೂ ಕಾಣಬಹುದು. ಅಮೆರಿಕದ ಸಿನಿಮಾಕ್ಕೂ ಇವರಿಗೂ ಏನು ಸಂಬಂಧ? ತೆರೆಯ ಮೇಲೆ ಆರು ಜನ ಜಗತ್ತನ್ನು ಕಾಪಾಡಲು ತೆರೆಯ ಹಿಂದೆ ಸಾವಿರಾರು ಜನ ಏನು ಮಾಡುತ್ತಾರೆ? ಈ ಲೇಖನದಲ್ಲಿ ಅದನ್ನು ಒಂದೊಂದಾಗಿ ನೋಡೋಣ. ಪಿಯುಸಿ ವಿಜ್ಞಾನದ ಪುಸ್ತಕದಲ್ಲಿ ಓದುವ ಬೆಳಕು, ವೆಕ್ಟರ್, ಜ್ಯಾಮಿತಿಗಳೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ. ಕಲೆ, ವಾಣಿಜ್ಯ ವಿಭಾಗದವರಿಗೂ ಇಲ್ಲಿ ಜಾಗವಿದೆ.

ಮೊದಲ ಯುದ್ಧ ಕಾಗದದ ಮೇಲೆ

2012ರಲ್ಲಿ ಬಂದ 'ದಿ ಅವೆಂಜರ್ಸ್' ಚಿತ್ರವನ್ನೇ ತೆಗೆದುಕೊಳ್ಳೋಣ. ಅದರ ವೆಚ್ಚ ಸುಮಾರು 22 ಕೋಟಿ ಡಾಲರ್. ನಿರ್ದೇಶಕರು ಜಾಸ್ ವೀಡನ್. ಕಂಪ್ಯೂಟರಿನ ಕೈಚಳಕ ಬೇಕಾದ ದೃಶ್ಯದ ತುಣುಕುಗಳು, ಅಂದರೆ ಶಾಟ್‌ಗಳು, ಅದರಲ್ಲಿ 2,200ಕ್ಕೂ ಹೆಚ್ಚು. ಇಷ್ಟು ದೊಡ್ಡ ಕೆಲಸವನ್ನು 'ಶೂಟಿಂಗಿಗೆ ಹೋದ ಮೇಲೆ ನೋಡೋಣ' ಎಂದು ಬಿಟ್ಟರೆ ಹಣವೂ ಹೋಗುತ್ತದೆ, ಮಾನವೂ ಹೋಗುತ್ತದೆ.

ಆದ್ದರಿಂದ ಕ್ಯಾಮೆರಾ ತಿರುಗುವ ಎಷ್ಟೋ ತಿಂಗಳು ಮೊದಲೇ ಚಿತ್ರಕಾರರು ಪ್ರತಿ ಶಾಟನ್ನೂ ಚೌಕಟ್ಟುಗಳಲ್ಲಿ ಬರೆಯುತ್ತಾರೆ. ಇದು ಸ್ಟೋರಿಬೋರ್ಡ್. ಮುಂದಿನ ಹೆಜ್ಜೆ ಪ್ರೀವಿಸ್. ಹಳೆಯ ವಿಡಿಯೋ ಗೇಮಿನ ಬೊಂಬೆಗಳಂತೆ ಕಾಣುವ ಸಾದಾ ಆಕೃತಿಗಳಿಂದ ಇಡೀ ಹೊಡೆದಾಟವನ್ನು ಕಂಪ್ಯೂಟರಿನಲ್ಲಿ ಒಮ್ಮೆ ನಡೆಸಿ ನೋಡುತ್ತಾರೆ. ಯಾರು ಎಲ್ಲಿಂದ ಹಾರುತ್ತಾರೆ, ಕ್ಯಾಮೆರಾ ಎಷ್ಟು ಎತ್ತರದಲ್ಲಿರಬೇಕು, ಯಾವ ಗೋಡೆಯನ್ನು ನಿಜವಾಗಿ ಕಟ್ಟಬೇಕು, ಯಾವುದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದರೆ ಸಾಕು ಎಂಬುದೆಲ್ಲ ಇಲ್ಲಿಯೇ ತೀರ್ಮಾನವಾಗುತ್ತದೆ. ಮನೆ ಕಟ್ಟುವ ಮೊದಲು ಮೇಸ್ತ್ರಿ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆಯುತ್ತಾನಲ್ಲ, ಹಾಗೆಯೇ ಇದು.

ಈ ತಯಾರಿಯ ಫಲವಾಗಿಯೇ ಒಂದು ಊರಿಗೆ ಇನ್ನೊಂದು ಊರಿನ ವೇಷ ಹಾಕುವುದು ಸಾಧ್ಯವಾಗುತ್ತದೆ. 'ದಿ ಅವೆಂಜರ್ಸ್' ಚಿತ್ರದ ಆರಂಭದಲ್ಲಿ ಕೋಲ್ಕತ್ತದ ಒಂದು ಬಡ ಕೇರಿ ಬರುತ್ತದೆ. ಅದನ್ನು ಚಿತ್ರೀಕರಿಸಿದ್ದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ. ಕೊನೆಯ ನ್ಯೂಯಾರ್ಕ್ ಯುದ್ಧದಲ್ಲಿ ಕಾಣುವ ಬೀದಿಗಳಲ್ಲಿ ಒಂದಷ್ಟು ಕ್ಲೀವ್‌ಲ್ಯಾಂಡ್ ನಗರದವು. ಉಳಿದದ್ದರಲ್ಲಿ ಬಹುಪಾಲು, ನಿಜವಾದ ನ್ಯೂಯಾರ್ಕಿನ ಅಸಂಖ್ಯ ಫೋಟೋಗಳನ್ನು ಜೋಡಿಸಿ ಕಂಪ್ಯೂಟರಿನಲ್ಲಿ ಕಟ್ಟಿದ ನಗರ.

ಪರದೆ ಹಸಿರೇ ಏಕೆ?

ಸಿನಿಮಾ ತಯಾರಿಯ ವಿಡಿಯೋಗಳಲ್ಲಿ ನಟರ ಹಿಂದೆ ದೊಡ್ಡ ಹಸಿರು ಪರದೆ ಇರುವುದನ್ನು ನೀವು ನೋಡಿರುತ್ತೀರಿ. ಕಂಪ್ಯೂಟರಿಗೆ 'ಈ ಬಣ್ಣ ಕಂಡಲ್ಲೆಲ್ಲ ಚಿತ್ರವನ್ನು ಅಳಿಸಿಹಾಕು' ಎಂದು ಹೇಳಿದರೆ ಹಿನ್ನೆಲೆ ಮಾಯವಾಗುತ್ತದೆ, ನಟ ಮಾತ್ರ ಉಳಿಯುತ್ತಾನೆ. ಹಿಂದೆ ಆಕಾಶವನ್ನಾದರೂ ಇಡಬಹುದು, ಬೇರೆ ಗ್ರಹವನ್ನಾದರೂ ಇಡಬಹುದು.

ಹಸಿರನ್ನು ಆರಿಸಲು ಎರಡು ಕಾರಣಗಳಿವೆ. ಮನುಷ್ಯನ ಚರ್ಮ ಕಪ್ಪಾಗಿರಲಿ, ಬೆಳ್ಳಗಿರಲಿ, ಅದರಲ್ಲಿ ಕೆಂಪಿನ ಅಂಶವೇ ಹೆಚ್ಚು. ಹಸಿರನ್ನು ತೆಗೆದರೆ ಮುಖಕ್ಕೆ ಪೆಟ್ಟು ಬೀಳುವುದಿಲ್ಲ. ಎರಡನೆಯದು ಕ್ಯಾಮೆರಾದೊಳಗಿನ ಸೆನ್ಸರ್‌ಗೆ ಸಂಬಂಧಿಸಿದ್ದು. ಸಾಮಾನ್ಯ ಡಿಜಿಟಲ್ ಸೆನ್ಸರ್‌ನಲ್ಲಿ ಒಂದು ಕೆಂಪು, ಒಂದು ನೀಲಿ ಬಿಂದುವಿಗೆ ಎರಡು ಹಸಿರು ಬಿಂದುಗಳಿರುತ್ತವೆ. ಹಾಗಾಗಿ ಹಸಿರಿನ ವಿವರ ಹೆಚ್ಚು ಸ್ಪಷ್ಟವಾಗಿ ದಾಖಲಾಗುತ್ತದೆ, ಅಂಚುಗಳನ್ನು ನಯವಾಗಿ ಕತ್ತರಿಸಬಹುದು.

ಆದರೆ ಪಾತ್ರದ ಉಡುಪೇ ಹಸಿರಾಗಿದ್ದರೆ? 2002ರ 'ಸ್ಪೈಡರ್‌ಮ್ಯಾನ್' ಚಿತ್ರಕ್ಕೆ ಇದೇ ತೊಡಕು ಬಂತು. ಸ್ಪೈಡರ್‌ಮ್ಯಾನ್ ಉಡುಪಿನಲ್ಲಿ ನೀಲಿ ಇದೆ, ಖಳನಾಯಕ ಗ್ರೀನ್ ಗಾಬ್ಲಿನ್ ಹೆಸರಿಗೆ ತಕ್ಕಂತೆ ಹಸಿರು. ಹೀಗಾಗಿ ನಾಯಕನನ್ನು ಹಸಿರು ಪರದೆಯ ಮುಂದೆ, ಖಳನನ್ನು ನೀಲಿ ಪರದೆಯ ಮುಂದೆ ಬೇರೆಬೇರೆಯಾಗಿ ಚಿತ್ರೀಕರಿಸಿ ಆಮೇಲೆ ಒಂದುಗೂಡಿಸಿದರು.

ಮರ ಮಾತಾಡಿದ ಬಗೆ

2014ರ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ತಂಡದಲ್ಲಿ ಐವರು. ಅವರಲ್ಲಿ ಒಬ್ಬ ಗ್ರೂಟ್ ಎಂಬ ಮರದ ಮನುಷ್ಯ, ಇನ್ನೊಬ್ಬ ರಾಕೆಟ್ ಎಂಬ ರಕೂನ್ ಪ್ರಾಣಿ. ಇಬ್ಬರೂ ಕಂಪ್ಯೂಟರಿನಲ್ಲಿ ಹುಟ್ಟಿದವರು. ರಾಕೆಟ್‌ಗೆ ದನಿ ಕೊಟ್ಟವರು ಬ್ರಾಡ್ಲಿ ಕೂಪರ್. ಆದರೆ ಸೆಟ್ಟಿನಲ್ಲಿ ರಾಕೆಟ್ ಜಾಗದಲ್ಲಿ ಮಂಡಿ ಬಗ್ಗಿಸಿ ಕುಳಿತು, ತೆವಳಿ ನಟಿಸಿದವರು ಶಾನ್ ಗನ್. ಎದುರಿನ ನಟರ ದೃಷ್ಟಿ ಸರಿಯಾದ ಎತ್ತರದಲ್ಲಿ ನೆಲೆಸಲು, ಮಾತಿಗೆ ಮಾತು ಸಿಗಲು ಒಬ್ಬ ಜೀವಂತ ಮನುಷ್ಯ ಅಲ್ಲಿರಲೇಬೇಕಿತ್ತು. ಅವರು ತೆರೆಯ ಮೇಲೆ ಎಲ್ಲೂ ರಾಕೆಟ್ ಆಗಿ ಕಾಣುವುದಿಲ್ಲ. ಅವರ ನಟನೆ ಮಾತ್ರ ಆ ಪ್ರಾಣಿಯ ಮುಖದಲ್ಲಿ ಉಳಿದಿದೆ.

ಹಲ್ಕ್‌ನದು ಇನ್ನೊಂದು ವಿಧಾನ. 'ದಿ ಅವೆಂಜರ್ಸ್'ನಲ್ಲಿ ಮಾರ್ಕ್ ರಫಲೋ ಮೈಗಂಟಿದ ವಿಶೇಷ ಉಡುಪು ತೊಟ್ಟು ನಟಿಸಿದರು. ಇಂಥ ಉಡುಪಿನ ಮೇಲಿನ ಗುರುತುಗಳ ಚಲನೆಯನ್ನು ಕ್ಯಾಮೆರಾಗಳು ಅಳೆಯುತ್ತವೆ. ಮೊಣಕೈ, ಭುಜ, ಮಂಡಿ ಪ್ರತಿ ಕ್ಷಣವೂ ಎಲ್ಲಿದ್ದವು ಎಂಬುದು ಎಕ್ಸ್, ವೈ, ಝಡ್ ಎಂಬ ಮೂರು ಸಂಖ್ಯೆಗಳಾಗಿ ಕಂಪ್ಯೂಟರ್ ಸೇರುತ್ತದೆ. ಇದಕ್ಕೆ ಮೋಷನ್ ಕ್ಯಾಪ್ಚರ್ ಎಂದು ಹೆಸರು. ಮೂರು ಆಯಾಮದ ಜ್ಯಾಮಿತಿ ಓದುವಾಗ 'ಇದರಿಂದ ಏನು ಪ್ರಯೋಜನ?' ಎಂದು ಕೇಳುವವರಿಗೆ ಹಲ್ಕ್‌ ಒಂದು ಉತ್ತರ.

ಗ್ರೂಟ್‌ನನ್ನು ರೂಪಿಸಿದ ಸಂಸ್ಥೆಯ ಹೆಸರು ಎಂಪಿಸಿ. ಲಂಡನ್ ಮೂಲದ ಈ ಸಂಸ್ಥೆಗೆ ಬೆಂಗಳೂರಿನಲ್ಲೂ ದೊಡ್ಡ ಸ್ಟುಡಿಯೋ ಇತ್ತು. 2016ರ 'ದಿ ಜಂಗಲ್ ಬುಕ್' ಚಿತ್ರದ ಕಾಡು, ಪ್ರಾಣಿಗಳನ್ನು ಕಟ್ಟುವುದರಲ್ಲಿ ಬೆಂಗಳೂರಿನ ಕಲಾವಿದರೂ ದುಡಿದರು. ಆ ಚಿತ್ರವನ್ನು ತೆಗೆದದ್ದು ಲಾಸ್ ಏಂಜಲೀಸಿನ ಒಂದು ಸ್ಟುಡಿಯೋದೊಳಗೆ. 2017ರಲ್ಲಿ ಅದಕ್ಕೆ ವಿಷುವಲ್ ಎಫೆಕ್ಟ್ಸ್ ವಿಭಾಗದ ಆಸ್ಕರ್ ಬಂತು. 'ಇನ್‌ಫಿನಿಟಿ ವಾರ್', 'ಎಂಡ್‌ಗೇಮ್' ಎಂಬ ಎರಡು ಅವೆಂಜರ್ಸ್ ಚಿತ್ರಗಳಿಗೆ ಕೆಲಸ ಮಾಡಿದ ಡಿಎನ್‌ಇಜಿ ಸಂಸ್ಥೆಗೂ ಭಾರತದ ಹಲವು ನಗರಗಳಲ್ಲಿ ಸ್ಟುಡಿಯೋಗಳಿವೆ.

ಕಾಣದಂತೆ ಮಾಡುವ ಕೆಲಸ

ಈ ಸ್ಟುಡಿಯೋಗಳಿಗೆ ಹೊಸದಾಗಿ ಸೇರಿದ ಯುವಕ ಯುವತಿಯರಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ಮೂರು ಬಗೆಯ ಕೆಲಸ.

ಒಂದು, ಮ್ಯಾಚ್‌ಮೂವ್. ನಂಜನಗೂಡಿನಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ತೆಂಗಿನ ಮರ ಸರ್ರನೆ ಹಿಂದಕ್ಕೆ ಓಡುತ್ತದೆ, ದೂರದ ಚಾಮುಂಡಿ ಬೆಟ್ಟ ಮಾತ್ರ ನಿಧಾನವಾಗಿ ಸರಿಯುತ್ತದೆ. ಹತ್ತಿರದ್ದು ಎಷ್ಟು ಸರಿಯಿತು, ದೂರದ್ದು ಎಷ್ಟು ಸರಿಯಿತು ಎಂದು ಅಳೆದರೆ ಬಸ್ಸು ಯಾವ ದಿಕ್ಕಿನಲ್ಲಿ, ಹೇಗೆ ಚಲಿಸಿತು ಎಂದು ಲೆಕ್ಕ ಹಾಕಬಹುದು. ಮ್ಯಾಚ್‌ಮೂವ್ ಕಲಾವಿದರು ಇದೇ ಉಪಾಯದಿಂದ ನಿಜವಾದ ಕ್ಯಾಮೆರಾದ ಚಲನೆಯನ್ನು ಕಂಪ್ಯೂಟರಿನೊಳಗೆ ಮರಳಿ ಕಟ್ಟುತ್ತಾರೆ. ಇದು ಕೂದಲೆಳೆಯಷ್ಟು ತಪ್ಪಿದರೂ ಗ್ರೂಟ್‌ನ ಕಾಲು ನೆಲದ ಮೇಲೆ ಜಾರಿದಂತೆ ಕಾಣುತ್ತದೆ.

ಎರಡು, ರೋಟೋ. ಹಸಿರು ಪರದೆ ಇಲ್ಲದ ಕಡೆ ನಟನ ಅಂಚನ್ನು ಫ್ರೇಮ್ ಫ್ರೇಮಿಗೂ ಗೆರೆ ಎಳೆದು ಬೇರ್ಪಡಿಸುವ ಕೆಲಸ. ಮೂರು, ಪೇಂಟ್. ನಟನನ್ನು ಗಾಳಿಯಲ್ಲಿ ಎತ್ತಿ ಹಿಡಿದ ತಂತಿಯನ್ನು, ಚೌಕಟ್ಟಿಗೆ ಬಂದ ಮೈಕನ್ನು, ಗಾಜಿನಲ್ಲಿ ಕಂಡ ಕ್ಯಾಮೆರಾದ ನೆರಳನ್ನು ಅಳಿಸುವುದು.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್. ಐದು ಸೆಕೆಂಡಿನ ಶಾಟ್ ಎಂದರೆ 120 ಚಿತ್ರಗಳು. ನೀವು ಪಾಪ್‌ಕಾರ್ನ್ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯುವ ಶಾಟಿಗೆ ಯಾರೋ ದಿನಗಟ್ಟಲೆ ಕಣ್ಣು ಕೀಲಿಸಿ ಕೂತಿರುತ್ತಾರೆ.

ಎಲ್ಲ ಪದರಗಳನ್ನೂ ಕೊನೆಗೆ ಒಂದುಗೂಡಿಸುವ ಕೆಲಸಕ್ಕೆ ಕಂಪೋಸಿಟಿಂಗ್ ಎನ್ನುತ್ತಾರೆ. ಇದಕ್ಕೆ ನಮ್ಮ ತಿ. ನರಸೀಪುರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಲ್ಲಿ ಕಾವೇರಿ, ಕಪಿಲೆ ಕೂಡುವುದು ಕಣ್ಣಿಗೆ ಕಾಣುತ್ತದೆ. ಸ್ಫಟಿಕ ಸರೋವರ ಎಂಬ ಮೂರನೆಯದು ಕಣ್ಣಿಗೆ ಕಾಣದೆ ಸೇರುತ್ತದೆ ಎಂದು ಜನ ಹೇಳುತ್ತಾರೆ. ನಟರದು ಒಂದು ಹೊಳೆ, ಕಂಪ್ಯೂಟರಿನ ಚಿತ್ರದ್ದು ಇನ್ನೊಂದು ಹೊಳೆ. ರೋಟೋ, ಪೇಂಟ್ ಕಲಾವಿದರದು ಮಾತ್ರ ಆ ಕಾಣದ ಮೂರನೆಯದು. ಕೆಲಸ ಚೆನ್ನಾಗಿ ಆಯಿತು ಎಂದರೆ ಅದು ಯಾರಿಗೂ ಕಾಣಲಿಲ್ಲ ಎಂದೇ ಅರ್ಥ.

ಇನ್ನು ರೆಂಡರ್. ಬೆಳಕಿನ ಕಿರಣ ಒಂದು ವಸ್ತುವಿಗೆ ಬಡಿದು ಪ್ರತಿಫಲಿಸುವ ನಿಯಮವನ್ನು ನೀವು ಹೈಸ್ಕೂಲಿನಲ್ಲೇ ಓದಿದ್ದೀರಿ. ಅದೇ ನಿಯಮವನ್ನು ಕಂಪ್ಯೂಟರ್ ಕೋಟ್ಯಂತರ ಕಿರಣಗಳಿಗೆ ಅನ್ವಯಿಸಿ ಒಂದೊಂದು ಫ್ರೇಮನ್ನೂ ಚಿತ್ರಿಸುತ್ತದೆ. ಒಂದು ಫ್ರೇಮಿಗೆ 10 ಗಂಟೆ ಹಿಡಿಯಿತು ಎಂದಿಟ್ಟುಕೊಳ್ಳಿ. 120 ಫ್ರೇಮಿಗೆ 1,200 ಗಂಟೆ, ಅಂದರೆ 50 ದಿನ. ಐದೇ ಸೆಕೆಂಡಿಗೆ 50 ದಿನ! ಅದಕ್ಕೇ ದೊಡ್ಡ ಸ್ಟುಡಿಯೋಗಳಲ್ಲಿ ಸಾವಿರಾರು ಕಂಪ್ಯೂಟರುಗಳು ಹಗಲು ರಾತ್ರಿ ಒಟ್ಟಿಗೆ ಓಡುತ್ತವೆ.

ಮೈಸೂರಿನ ಬೆಂಕಿ ಕಲಿಸಿದ್ದು

'ಎಲ್ಲ ಕಂಪ್ಯೂಟರ್ ಮೋಸ, ಹಿಂದೆ ಎಲ್ಲವನ್ನೂ ನಿಜವಾಗಿ ಮಾಡುತ್ತಿದ್ದರು' ಎಂದು ಹಿರಿಯರು ಹೇಳುವುದುಂಟು. ಆ ಮಾತಿಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿತ್ತು. ಬೆಂಕಿ ಹೊತ್ತಿಕೊಂಡಿತು. 62 ಜನ ಸತ್ತರು. ನಿರ್ದೇಶಕ, ನಟ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಸಡಿಲ ವೈರಿಂಗ್, ಗಾಳಿ ಹೊರಹೋಗಲು ಕಿಂಡಿಗಳಿಲ್ಲದಿರುವುದು, ಸರಿಯಾದ ಅಗ್ನಿಶಾಮಕ ಸಾಧನದ ಬದಲು ಮರಳು ಮತ್ತು ನೀರಿನ ಬಕೆಟ್ ಇಟ್ಟದ್ದು ಇವೆಲ್ಲ ದುರಂತಕ್ಕೆ ಕಾರಣಗಳೆಂದು ಆಗ ಹೇಳಲಾಯಿತು. ಮರುವರ್ಷ ದೂರದರ್ಶನದಲ್ಲಿ ಧಾರಾವಾಹಿ ಪ್ರಸಾರವಾಯಿತು, ಮನೆಮನೆಯಲ್ಲಿ ಜನ ನೋಡಿದರು. ಅದರ ಹಿಂದೆ 62 ಮನೆಗಳ ದೀಪ ಆರಿತ್ತು.

2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಧುಮುಕಿದ ಅನಿಲ್, ಉದಯ್ ಎಂಬ ಇಬ್ಬರು ನಟರು ಮುಳುಗಿ ತೀರಿಕೊಂಡರು.

ಇಂಥ ಅಪಾಯಗಳನ್ನು ತಪ್ಪಿಸುವುದು ವಿಷುವಲ್ ಎಫೆಕ್ಟ್ಸ್‌ನ ದೊಡ್ಡ ಉಪಕಾರ. ಬೆಂಕಿಯನ್ನು, ಪ್ರವಾಹವನ್ನು, ಬೀಳುವ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಬಹುದು. ನಟನಿಗೆ ದಪ್ಪ ತಂತಿ ಕಟ್ಟಿ, ಆಮೇಲೆ ಆ ತಂತಿಯನ್ನು ಅಳಿಸಬಹುದು. ಪೇಂಟ್ ಕಲಾವಿದರು ಅಳಿಸಿಕೊಡುತ್ತಾರೆ ಎಂಬ ಧೈರ್ಯದಿಂದಲೇ ಸ್ಟಂಟ್ ಕಲಾವಿದರಿಗೆ ಗಟ್ಟಿಯಾದ ತಂತಿ ಕಟ್ಟಲು ಸಾಧ್ಯ. 'ಮೋಸ' ಎನ್ನುವ ಮೊದಲು ಇದನ್ನು ನೆನೆಯಬೇಕು.

ಕನ್ನಡದಲ್ಲಿ

ಕನ್ನಡಕ್ಕೆ ಇದು ಹೊಸತಲ್ಲ. 1977ರ 'ಬಬ್ರುವಾಹನ' ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಅರ್ಜುನನೂ ಹೌದು, ಅವನ ಎದುರು ಬಿಲ್ಲು ಹಿಡಿದ ಮಗನೂ ಹೌದು. ನಿರ್ದೇಶಕರು ನಮ್ಮ ಜಿಲ್ಲೆಯವರೇ ಆದ ಹುಣಸೂರು ಕೃಷ್ಣಮೂರ್ತಿ. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ದ್ವಿಪಾತ್ರಕ್ಕೆ ಲೆನ್ಸಿನ ಅರ್ಧ ಭಾಗ ಮುಚ್ಚಿ ಚಿತ್ರೀಕರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದರ್ಧ ತೆರೆದು ಮತ್ತೆ ಚಿತ್ರೀಕರಿಸುವುದು ರೂಢಿಯಲ್ಲಿದ್ದ ಒಂದು ವಿಧಾನ.

2018ರ 'ಕೆಜಿಎಫ್' ಚಿತ್ರದ ಗಣಿಲೋಕದ ಚಿತ್ರೀಕರಣ ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳಲ್ಲಿ ನಡೆಯಿತು. ನಿಜವಾದ ಮಣ್ಣು, ನಿಜವಾದ ಸೆಟ್, ಅದರ ಮೇಲೆ ಕಂಪ್ಯೂಟರಿನ ವಿಸ್ತಾರ. ಆ ಚಿತ್ರಕ್ಕೆ ಬಂದ ಎರಡು ರಾಷ್ಟ್ರಪ್ರಶಸ್ತಿಗಳೂ ತೆರೆಯ ಹಿಂದಿನವರಿಗೇ ಸಂದವು: ಒಂದು ಸಾಹಸ ನಿರ್ದೇಶನಕ್ಕೆ, ಇನ್ನೊಂದು ಸ್ಪೆಷಲ್ ಎಫೆಕ್ಟ್ಸ್‌ಗೆ. 2022ರ ಎರಡನೇ ಭಾಗವನ್ನು ಸಂಕಲಿಸಿದವರು ಕಲಬುರಗಿಯ ಉಜ್ವಲ್ ಕುಲಕರ್ಣಿ. ಆಗ ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಮೈಸೂರಿನಲ್ಲಿ ಬೆಳೆದ ಯಶ್ ಈಗ ಡಿಎನ್‌ಇಜಿಯ ನಮಿತ್ ಮಲ್ಹೋತ್ರಾ ಜೊತೆ 'ರಾಮಾಯಣ' ಚಿತ್ರದ ಸಹನಿರ್ಮಾಪಕರೂ ಆಗಿದ್ದಾರೆ.

ಹೊಳಪಿನ ಇನ್ನೊಂದು ಮುಖ

ಇಷ್ಟು ಓದಿದ ಮೇಲೆ 'ನಾನೂ ಇದನ್ನೇ ಕಲಿಯಬೇಕು' ಎಂದು ಕೆಲವರಿಗಾದರೂ ಅನ್ನಿಸಿರುತ್ತದೆ. ಅವರು ಇನ್ನೊಂದು ವಿಷಯವನ್ನೂ ತಿಳಿದಿರಬೇಕು.

ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರವರಿಯಲ್ಲಿ ಹಣವಿಲ್ಲದೆ ಕುಸಿಯಿತು. ಬೆಂಗಳೂರಿನ ಸ್ಟುಡಿಯೋವೂ ಬಾಗಿಲು ಹಾಕಿತು. ಭಾರತದಲ್ಲಿ ಸಾವಿರಾರು ಕಲಾವಿದರು ದಿಢೀರನೆ ಕೆಲಸ ಕಳೆದುಕೊಂಡರು. ಆಸ್ಕರ್ ಗೆದ್ದ ಕೆಲಸವೂ ಅವರನ್ನು ಕಾಪಾಡಲಿಲ್ಲ.

ಇದು ಮೊದಲ ಸಲವೂ ಅಲ್ಲ. 2013ರಲ್ಲಿ 'ಲೈಫ್ ಆಫ್ ಪೈ' ಚಿತ್ರದ ಹುಲಿಗೆ ಆಸ್ಕರ್ ಬಂದಾಗ, ಆ ಹುಲಿಯನ್ನು ರೂಪಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ ಅದೇ ತಿಂಗಳು ದಿವಾಳಿ ಅರ್ಜಿ ಹಾಕಿಯಾಗಿತ್ತು. ಸಮಾರಂಭದ ಹೊರಗೆ ನೂರಾರು ಕಲಾವಿದರು ಪ್ರತಿಭಟಿಸುತ್ತಿದ್ದರು.

ಹೀಗೇಕೆ ಆಗುತ್ತದೆ? ಸ್ಟುಡಿಯೋಗಳು ಸಾಮಾನ್ಯವಾಗಿ ಶಾಟಿಗೆ ಇಷ್ಟು ಎಂದು ಮೊದಲೇ ದರ ಒಪ್ಪಿಕೊಂಡು ಕೆಲಸ ಹಿಡಿಯುತ್ತವೆ. ನಿರ್ದೇಶಕರು ಆಮೇಲೆ ಹತ್ತು ಸಲ ಬದಲಾವಣೆ ಕೇಳಿದರೆ ಹೆಚ್ಚಿನ ಖರ್ಚು ಸ್ಟುಡಿಯೋ ತಲೆಗೆ ಬೀಳುತ್ತದೆ. ಬಿಡುಗಡೆಯ ದಿನಾಂಕವಂತೂ ಕದಲುವುದಿಲ್ಲ. ಕೊನೆಗೆ ಆ ಹೊರೆ ರಾತ್ರಿಯೆಲ್ಲ ಕೂತು ಕೆಲಸ ಮಾಡುವ ಕಲಾವಿದರ ಬೆನ್ನಿಗೆ ಬರುತ್ತದೆ. 2023ರ ಸೆಪ್ಟೆಂಬರಿನಲ್ಲಿ ಮಾರ್ವೆಲ್ ಸ್ಟುಡಿಯೋಸ್‌ನ ವಿಷುವಲ್ ಎಫೆಕ್ಟ್ಸ್ ನೌಕರರು ಒಮ್ಮತದಿಂದ ಮತ ಹಾಕಿ ಕಾರ್ಮಿಕ ಸಂಘ ಕಟ್ಟಿಕೊಂಡದ್ದು ಇದೇ ಕಾರಣಕ್ಕೆ. ಜಗತ್ತನ್ನು ಕಾಪಾಡುವ ವೀರರನ್ನು ಕಟ್ಟಿದವರು ತಮ್ಮನ್ನು ಕಾಪಾಡಿಕೊಳ್ಳಲು ತಾವೇ ಒಂದು ತಂಡವಾಗಬೇಕಾಯಿತು.

ಈ ದಾರಿ ಹಿಡಿಯುವುದಾದರೆ

ಹಾಗಾದರೆ ಈ ಕಡೆ ತಲೆ ಹಾಕುವುದೇ ಬೇಡವೇ? ಹಾಗಲ್ಲ. ಕಣ್ಣು ತೆರೆದು ಹೋಗಬೇಕು, ಅಷ್ಟೆ.

ಮೊದಲು ಖರ್ಚಿಲ್ಲದೆ ಕಲಿಯಿರಿ. ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶ ಸಂಪೂರ್ಣ ಉಚಿತ. 2025ರಲ್ಲಿ ಅನಿಮೇಷನ್ ಚಿತ್ರಕ್ಕೆ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ತಯಾರಾದದ್ದು ಇದರಲ್ಲಿಯೇ. ಸಂಕಲನಕ್ಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇದೆ. ಲಕ್ಷಗಟ್ಟಲೆ ಶುಲ್ಕ ಕೇಳುವ, 'ಕೆಲಸ ಗ್ಯಾರಂಟಿ' ಎನ್ನುವ ಖಾಸಗಿ ತರಬೇತಿಗೆ ಅಪ್ಪನ ಉಳಿತಾಯ ಸುರಿಯುವ ಮೊದಲು ಆರು ತಿಂಗಳು ಇವುಗಳಲ್ಲಿ ಕೈ ಪಳಗಿಸಿ. ಆಸಕ್ತಿ ನಿಜವೋ, ಬರೀ ಸಿನಿಮಾದ ಮೋಹವೋ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ.

ಎರಡನೆಯದು, ಪದವಿ ಬಿಡಬೇಡಿ. ಮೈಸೂರಿನಲ್ಲೇ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು, ಅಂದರೆ 'ಕಾವಾ' ಇದೆ. ಪಿಯುಸಿ ಯಾವ ವಿಭಾಗದಲ್ಲಿ ಮುಗಿಸಿದ್ದರೂ ಅಲ್ಲಿ ವಿಚಾರಿಸಿ ನೋಡಿ. ಛಾಯಾಗ್ರಹಣ, ಧ್ವನಿಗ್ರಹಣ ಕಲಿಯುವವರಿಗೆ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಇದೆ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ನೀತಿ ತಂದಿತ್ತು, ಈಗ 2024ರಿಂದ 2029ರವರೆಗಿನ ಹೊಸ ನೀತಿ ಜಾರಿಯಲ್ಲಿದೆ.

ಮೂರನೆಯದು, ಒಂದೇ ಗುಂಡಿ ಒತ್ತುವುದನ್ನು ಕಲಿತು ಕೂರಬೇಡಿ. ಅಂಚಿನ ಸುತ್ತ ಗೆರೆ ಎಳೆಯುವಂಥ ಕೆಲಸವನ್ನು ಕೃತಕ ಬುದ್ಧಿಮತ್ತೆ ದಿನೇದಿನೇ ಹೆಚ್ಚು ವಹಿಸಿಕೊಳ್ಳುತ್ತಿದೆ. ಚಿತ್ರ ಬರೆಯುವುದು, ಬೆಳಕನ್ನು ಗಮನಿಸುವುದು, ಕಥೆ ಹೇಳುವುದು, ಸ್ವಲ್ಪ ಕೋಡಿಂಗ್ ಇವು ಒಂದು ಕಂಪನಿ ಮುಚ್ಚಿದರೂ ನಿಮ್ಮ ಕೈಯಲ್ಲೇ ಉಳಿಯುವ ವಿದ್ಯೆಗಳು. ಸಂಜೆ ಕಪಿಲೆಯ ದಡದಲ್ಲಿ ನಿಂತು ನೀರಿನ ಮೇಲೆ ಬಿಸಿಲು ಹೇಗೆ ಮುರಿಯುತ್ತದೆ ಎಂದು ನೋಡುವುದೂ ಪಾಠವೇ. ಕಂಪ್ಯೂಟರಿನಲ್ಲಿ ನೀರು ಮಾಡುವವರು ಮೊದಲು ನಿಜವಾದ ನೀರನ್ನು ನೋಡಿರಬೇಕು.

ನಾಲ್ಕನೆಯದು, ಕೆಲಸಕ್ಕೆ ಸೇರುವಾಗ ಸಂಬಳ, ಕೆಲಸದ ಅವಧಿ, ಹೆಚ್ಚುವರಿ ಗಂಟೆಗಳ ಹಣ ಎಲ್ಲವನ್ನೂ ಬರಹದಲ್ಲಿ ಪಡೆಯಿರಿ. ಕೇಳುವುದು ಅಹಂಕಾರವಲ್ಲ. ದುಡಿದವನ ಬೆವರು ಆರುವ ಮೊದಲೇ ಅವನ ಕೂಲಿ ಕೊಡಬೇಕು ಎಂಬ ಮಾತನ್ನು ಕೇಳಿ ಬೆಳೆದವರು ನಾವು. ಕೊಡುವವರಿಗೆ ಅದು ಕರ್ತವ್ಯವಾದರೆ ಪಡೆಯುವವರಿಗೆ ಹಕ್ಕು.

ಸಿನಿಮಾ ನೋಡುವವರಾಗಿ ನಮ್ಮೆಲ್ಲರಿಗೂ ಒಂದು ಸಣ್ಣ ಕೆಲಸ ಉಳಿದಿದೆ. ತೆರೆಯ ಮೇಲೆ ಒಬ್ಬ ನಾಯಕ ಹತ್ತು ಜನರನ್ನು ಹೊಡೆದುರುಳಿಸಿದಾಗ ಶಿಳ್ಳೆ ಹೊಡೆಯುತ್ತೇವೆ. ಆ ಒಂದು ಹೊಡೆತದ ಹಿಂದೆ ಸ್ಟಂಟ್ ಮಾಡಿದವರು, ತಂತಿ ಹಿಡಿದವರು, ತಂತಿ ಅಳಿಸಿದವರು, ಲೈಟ್ ಎತ್ತಿದವರು, ಊಟ ಬಡಿಸಿದವರು ಎಲ್ಲ ಇದ್ದಾರೆ. ಅವರ ಹೆಸರುಗಳು ತೆರೆಯ ಮೇಲೆ ಬರುವುದು ಕೆಲವೇ ನಿಮಿಷ. ಆ ಕೆಲವು ನಿಮಿಷ ಮೊಬೈಲ್ ಕೆಳಗಿಟ್ಟರೆ ಸಾಕು.